ಹೆಸರಿಲ್ಲದ ಊದಿನಕಡ್ಡಿ

"ಏಳೋ ಮೇಲೆ. ಎಲೆ ಬಿಟ್ಟು ಏಳು."

ಹುಗ್ಗಿಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಮಹಾಂತೇಶ ಬಂದು ಎದುರು ನಿಂತಿದ್ದ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಆ ಮನೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ, ಎರಡು ಸಾಲು ಜನ ಊಟಕ್ಕೆ ಕೂತಿದ್ದರು. ಕೊಲೆಯಾದ ಶಾಂತಕುಮಾರಿಯ ಶಿವಗಣಾರಾಧನೆ. ತಮ್ಮನಾದ ಮಹಾಂತೇಶನೇ ಯಜಮಾನ.

ಉಜ್ಜನಪ್ಪ ಎತ್ತಿದ ತುತ್ತನ್ನು ಎಲೆಗೇ ಇಳಿಸಿದ.

"ಕರೆದಿದ್ದಕ್ಕೇ ಬಂದೀನಿ ಅಣ್ಣಾರೆ."

"ಓಣಿಗೆಲ್ಲ ಹೇಳಿ ಕಳಿಸಿದ್ವಿ. ನಿನಗಲ್ಲ." ಮಹಾಂತೇಶ ಸಾಲಿನ ಕೊನೆಯವರೆಗೂ ಕೇಳುವಂತೆ ದನಿ ಏರಿಸಿದ. "ನೋಡ್ರಪ್ಪಾ, ಇವನಕ್ಕ ಕೊಲ್ಲಾಕೆ, ಇವನು ಉಣ್ಣಾಕೆ. ಚಲೋ ಹಂಚ್ಕೊಂಡಾರೆ ಕೆಲಸ! ಎಂಟನೇ ಕ್ಲಾಸಿಗೆ ಇಸ್ಕೂಲು ಬಿಟ್ಟು ಲಗೇಜ್ ಆಟೋ ಹೊಡೆಯೋನಿಗೆ ನಾಚ್ಕೆ ಅನ್ನೋದು ಯಾವ ಕ್ಲಾಸಿನಾಗೆ ಕಲಿಸಬೇಕಿತ್ತು?"

ಯಾರೋ ಕಿಸಕ್ಕೆಂದರು. ಬಡಿಸುತ್ತಿದ್ದವನು ತುಪ್ಪದ ಗಿಂಡಿ ಹಿಡಿದು ಹಾಗೇ ನಿಂತ.

ಮಹಾಂತೇಶ ಕೈ ಮುಂದೆ ಮಾಡಿ ಎರಡು ಸಲ ಚಿಟಿಕೆ ಹೊಡೆದ. ಚಟ್, ಚಟ್. ಬೀದಿನಾಯಿಯನ್ನು ಅಂಗಳದಾಚೆ ಅಟ್ಟುವವನ ಹಾಗೆ. ಮಾತು ಮುಗಿಯಿತು ಎನ್ನುವುದಕ್ಕೆ ಅವನದು ಯಾವತ್ತೂ ಅದೇ ಗುರುತು. ಆಳುಗಳಿಗೂ ಅದೇ, ಬದುಕಿದ್ದಾಗ ಅಕ್ಕನಿಗೂ ಅದೇ.

ಉಜ್ಜನಪ್ಪ ಎದ್ದ. ಕಿವಿ ಕಾದ ಹಂಚಿನಂತಾಗಿತ್ತು. ಬಯ್ಯಬಹುದಿತ್ತು, ಕೊರಳಪಟ್ಟಿಗೆ ಕೈ ಹಾಕಬಹುದಿತ್ತು. ಆದರೆ ಶಾಂತಕುಮಾರಿಯ ಮನೆಗೆ ದಿನಾ ಹೋಗಿಬರುತ್ತಿದ್ದು ಈಗ ಅನುಮಾನಕ್ಕೆ ಸಿಕ್ಕಿದ್ದ ಅವನಕ್ಕ ನಯನಾಳಿಗೆ ಇನ್‌ಸ್ಪೆಕ್ಟರು ಬೆಳಿಗ್ಗೆಯಷ್ಟೇ ಹೇಳಿ ಕಳಿಸಿದ್ದರು: "ನಾಳೆ ಠಾಣೆಗೆ ಬರುವಾಗ ಎರಡು ಜೊತೆ ಬಟ್ಟೆ ತಂದುಬಿಡು." ಬಟ್ಟೆ ಯಾಕೆ ಅಂತ ಸಣ್ಣ ಮಗುವಿಗೂ ಗೊತ್ತು. ಇವತ್ತೊಂದು ದಿನ ಇತ್ತು ಅವನ ಕೈಯಲ್ಲಿ. ಅದನ್ನು ಜಗಳಕ್ಕೆ ಕಳೆಯುವ ಹಾಗಿರಲಿಲ್ಲ.

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ, ಹೆಣ ಸಿಕ್ಕ ದಿನ ಅವನೇ ಎತ್ತಿಟ್ಟುಕೊಂಡಿದ್ದ, ಉರಿದು ಉಳಿದ ಎರಡು ಊದಿನಕಡ್ಡಿಯ ತುದಿ.

"ಉಣ್ಣೋದು ಆಮೇಲೆ. ಒಂದು ಮಾತು ಕೇಳ್ತೀನಿ, ಎಲ್ಲಾರೂ ಕೇಳ್ರಿ. ಆವತ್ತು ಶಾಂತಕ್ಕಾರ ತಲೆದೆಸೆಗೆ ಲೋಟದಾಗೆ ಅಕ್ಕಿ ಹಾಕಿ ಈ ಕಡ್ಡಿ ಹಚ್ಚಿದ್ದು ಯಾರು?"

ಪಂಕ್ತಿಯಲ್ಲಿ ತಲೆಗಳು ಅತ್ತಿತ್ತ ಆಡಿದವು. ಪಕ್ಕದ ಮನೆಯವರು ಎದುರು ಮನೆಯವರನ್ನು ನೋಡಿದರು. ಎದುರು ಮನೆಯವರು, "ನೀವೇ ಅಂದ್ಕೊಂಡಿದ್ವಲ್ರೀ" ಎಂದರು.

"ನಾವಲ್ಲಪ್ಪ. ನಾವು ಒಳಗೆ ಹೋಗೋವಾಗಲೇ ಬೂದಿ ಆಗಿತ್ತು."

"ಅದೇ ನಾನು ಹೇಳೋದು. ಬಾಗಿಲು ತೆಗೆಯೋ ಮೊದಲೇ ಉರಿದು ಆರಿತ್ತು. ಉಸಿರು ಕಟ್ಟಿಸಿ ಸಾಯಿಸಿದೋರು ಹಂಗೇ ಬಿಟ್ಟು ಹೋಗಾಕೆ ಮನಸ್ಸಾಗದೆ ಎರಡು ಕಡ್ಡಿ ಹಚ್ಚಿ ಹೋಗ್ಯಾರೆ. ಹಚ್ಚಿದ ಕೈಯೇ ಕೊಂದ ಕೈ. ಆ ಕೈ ಹಿಡ್ಕೊಂಡು ಇದೇ ಅಂಗಳಕ್ಕೆ ತರ್ತೀನಿ. ಆವತ್ತು ಉಣ್ತೀನಿ ನಿಮ್ಮ ಹುಗ್ಗಿ."

ಮತ್ತೆ ಚಿಟಿಕೆಗೆಂದು ಎದ್ದ ಮಹಾಂತೇಶನ ಕೈ ಅರ್ಧಕ್ಕೇ ನಿಂತು ಕೆಳಗಿಳಿಯಿತು.

ಸಿಟ್ಟಿನ ಭರದಲ್ಲಿದ್ದ ಉಜ್ಜನಪ್ಪ ಅದನ್ನು ಗಮನಿಸಲಿಲ್ಲ.

* * *

"ಏ ಉಜ್ಜನಿ, ನಿಲ್ಲೋ ಮಾರಾಯ!"

ಆಟೋ ಚಾಲೂ ಮಾಡುವಷ್ಟರಲ್ಲಿ ಹಿಂದಿನಿಂದ ಸುಮಾ ಬಂದಳು. ಎದುರು ಮನೆಯವಳು. ಶಾಂತಕುಮಾರಿಯ ಹತ್ತಿರ ಸೀರೆಗೆ ಫಾಲ್ ಹೊಲಿಯುತ್ತಿದ್ದವಳು, ಫೋನಿನಲ್ಲಿ ದುಡ್ಡಿಗೆ ಸರ್ವೆ ತುಂಬುವುದನ್ನು ಕಲಿತವಳು. ಅರ್ಧ ಊಟಕ್ಕೇ ಎದ್ದು ಬಂದಿದ್ದಳು. ಬೆರಳಿಗೆ ಹುಗ್ಗಿ ಇನ್ನೂ ಅಂಟಿತ್ತು.

"ತೋರ್ಸು ಆ ಕಡ್ಡಿ."

ಅವಳು ಮೂಗಿಗೆ ಹಿಡಿದಳು. ಕಡ್ಡಿಯ ಬುಡಕ್ಕೆ ಅಂಗಡಿಯ ಕಡ್ಡಿಗಳಿಗಿರುವ ಕೆಂಪು ಬಣ್ಣ, ಹಸಿರು ಬಣ್ಣ ಏನೂ ಇರಲಿಲ್ಲ. ಬರೀ ಬಿದಿರು.

"ಇದು ಅಂಗಡಿದಲ್ಲ. ಸರ್ವೆದು."

"ಸರ್ವೆದು ಅಂದ್ರೆ?"

"ಫೋನಿನಾಗೆ ಪ್ರಶ್ನೆ ತುಂಬ್ತೀವಲ್ಲ, ಅದರೋರೇ ಕಳಿಸಿದ್ದು. ಅಂಗಡಿಗೆ ಬರೋ ಮೊದಲು ಮನೆಗೆ ಕಳಿಸ್ತಾರೆ. ಹೆಸರಿಲ್ಲ, ಚಿತ್ರ ಇಲ್ಲ. ಬಿಳೀ ಡಬ್ಬಿ, ಮೇಲೊಂದು ನಂಬರು. ದಿನಾ ಒಂದು ಹಚ್ಚಬೇಕು, ವಾಸ್ನೆ ಹೆಂಗೈತೆ ಅಂತ ಬರೀಬೇಕು. ನಾನೂ ಕೇಳಿದ್ದೆ, ನಿಮ್ಮಕ್ಕನೂ ಕೇಳಿದ್ಲು. 'ಕೋಟಾ ತುಂಬಿದೆ' ಅಂತ ಇಬ್ಬರನ್ನೂ ಒದ್ದು ಹೊರಗೆ ಹಾಕ್ತು. ನಮ್ಮ ಗುಂಪಿನಾಗೆ ಬಂದಿದ್ದು ಶಾಂತಕ್ಕಂಗೊಬ್ಬರಿಗೆ. ಬರದೇ ಏನು? ಅವರಿಗೆ ಫೋನಿನ ಒಳಗೆ ಗಂಡ ಇದ್ದ, ಎರಡು ಮಕ್ಕಳಿದ್ವು, ಕಾರಿತ್ತು, ನಾಯಿ ಬೇರೆ."

ಉಜ್ಜನಪ್ಪನಿಗೆ ಅದು ಗೊತ್ತಿತ್ತು. ಮದುವೆಯಾಗದ ಐವತ್ತರ ಹೆಂಗಸಿಗೆ ಯಾವ ಸರ್ವೆಯೂ ಸೋಪಿನ ಬಗ್ಗೆ, ಹಾಲಿನಪುಡಿಯ ಬಗ್ಗೆ ಕೇಳುವುದಿಲ್ಲ. ಅದಕ್ಕೇ ಶಾಂತಕುಮಾರಿ ಒಂದು ಸಂಸಾರವನ್ನೇ ಕಟ್ಟಿಕೊಂಡಿದ್ದಳು. ಒಮ್ಮೆ ಅವನೂ ಆ ಸರ್ವೆಯ ಆ್ಯಪಿನೊಳಗೆ ಹೋಗಿದ್ದ. ಮೊದಲ ಪ್ರಶ್ನೆಯೇ ವಿದ್ಯಾಭ್ಯಾಸ. ಇದ್ದದ್ದನ್ನು ಇದ್ದ ಹಾಗೆ ಒತ್ತಿದ್ದಕ್ಕೆ, 'ಕ್ಷಮಿಸಿ, ನೀವು ಅರ್ಹರಲ್ಲ' ಎಂದು ಬಂದಿತ್ತು. ಫೋನನ್ನು ಗೋಡೆಗೆ ಎಸೆಯಲು ಕೈ ಎತ್ತಿದವನನ್ನು ತಡೆದದ್ದು ಶಾಂತಕುಮಾರಿಯೇ. "ಅದಕ್ಕೆ ನೀನು ಬ್ಯಾಡಪ್ಪಾ ಉಜ್ಜನಿ, ಅದಕ್ಕೆ ಬೇಕಾದೋನು ಬೇಕು. ಡಿಗ್ರಿ ಒತ್ತು, ತಲೆ ಮ್ಯಾಲೆ ಹೊತ್ಕೊಂಡು ಹೋಗುತ್ತೆ" ಎಂದು ನಕ್ಕಿದ್ದಳು.

ಅವನನ್ನು ಅರ್ಹನೆಂದು ನೋಡಿದ ಈ ಬಡಾವಣೆಯ ಒಂದೇ ಜೀವ ಅದು.

"ಹೋದ ವರ್ಷ ಫೋನಿನೊಳಗಿನ ಆ ಸುಳ್ಳು ಮಗ ಹತ್ತನೇ ಕ್ಲಾಸ್ ಪಾಸಾದ ಅಂತ ನಮಗೆಲ್ಲ ಪೇಡೆ ತಿನ್ನಿಸಿದ್ರು ಕಣೋ. ನಗಾಡ್ತಾನೇ ಕೊಟ್ರು, ಆಮ್ಯಾಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ." ಸುಮಾ ಸೆರಗಿನಿಂದ ಮೂಗೊರೆಸಿಕೊಂಡಳು. "ಇರ್ಲಿ, ಕೇಳು. ಬಂದಿದ್ದು ಎರಡು ಡಬ್ಬಿ. ಒಂದು ಗಂಧದ್ದು. ಅದು ಇನ್ನೂ ದೇವರ ಕೋಣೆಯಾಗೆ ಐತೆ, ಈಗ ನೋಡಿ ಬಂದೆ. ಇನ್ನೊಂದು ಆರುನೂರ ಎಂಬತ್ತೆರಡು ನಂಬರಿಂದು. ಅದನ್ನ ಅವರು ಒಡೀಲೇ ಇಲ್ಲ. ಕೇದಗೆ ವಾಸ್ನೆ ಅದು. ಕೇದಗೆ ಶಿವನಿಗೆ ಆಗಲ್ಲ, ನಮ್ಮ ಮನೇಲಿ ಹಚ್ಚಲ್ಲ ಅಂತ ಹೊಲಿಗೆ ಮಷೀನಿನ ಡ್ರಾದಾಗೆ ಹಾಕಿದ್ರು. ಈಗ ಅಲ್ಲಿಲ್ಲ."

ಉಜ್ಜನಪ್ಪ ಕಡ್ಡಿಯ ತುದಿಯನ್ನು ಮತ್ತೊಮ್ಮೆ ಮೂಸಿದ. ಸುಟ್ಟ ವಾಸನೆಯ ಅಡಿಯಲ್ಲಿ, ತಲೆ ಭಾರವಾಗಿಸುವ ಆ ಸಿಹಿ ಇನ್ನೂ ಅಂಟಿಕೊಂಡಿತ್ತು.

"ಅಂದ್ರೆ ಶಿವಭಕ್ತರ ಮನೇಲಿ, ಶಿವಭಕ್ತೆ ತಲೆದೆಸೆಗೆ ಕೇದಗೆ ಹಚ್ಚ್ಯಾರೆ. ಈ ಮನೆ ಪದ್ಧತಿ ಗೊತ್ತಿಲ್ದೋರು."

"ಪದ್ಧತಿ ಗಿದ್ಧತಿ ನಂಗೊತ್ತಿಲ್ಲ. ಅದೇ ವಾಸ್ನೆ ನಾನು ಮೊನ್ನೆ ಇನ್ನೊಂದು ಕಡೆ ಕುಡಿದು ಬಂದೀನಿ." ಸುಮಾ ಗೇಟಿನ ಕಡೆ ನೋಡಿ ದನಿ ತಗ್ಗಿಸಿದಳು. "ಹರಿಹರದಾಗೆ. ಭಾಗ್ಯಕ್ಕಾರ ಮನೇಲಿ."

ಭಾಗ್ಯಲಕ್ಷ್ಮಿ! ಸರ್ವೆ ಗುಂಪಿನ ಒಡತಿ. ಹೆಂಗಸರನ್ನು ಸೇರಿಸಿ, ಅವರವರ ಹೆಸರಲ್ಲಿ ತಾನೂ ಕಳ್ಳ ಖಾತೆ ತೆರೆದು ತುಂಬುತ್ತಾಳೆಂದು ಶಾಂತಕುಮಾರಿ ಅವಳ ಮೇಲೆ ಎಗರಾಡಿದ್ದು, ಕಂಪನಿಗೆ ಬರೆಯುತ್ತೇನೆ ಎಂದಿದ್ದು ಓಣಿಗೆಲ್ಲ ಗೊತ್ತಿತ್ತು. ಸಾಯುವುದಕ್ಕೆ ಒಂದು ವಾರ ಮೊದಲಿನ ಮಾತು ಅದು.

"ಈ ಮಾತು ಪೊಲೀಸ್ರಿಗೆ ಯಾಕ ಹೇಳಲಿಲ್ಲ?"

"ನನ್ನ ಫೋನಿನಾಗೂ ಒಬ್ಬ ಡಾಕ್ಟರ್ ಗಂಡ ಅದಾನೆ ಮಾರಾಯ. ನಮ್ಮನೆಯೋರಿಗೆ ಯಾರು ಉತ್ತರ ಕೊಡಬೇಕು?"

* * *

ವಿನೋಬನಗರದ ಬಾಡಿಗೆ ಮನೆಯಲ್ಲಿ ನಯನಾ ಬಟ್ಟೆ ಮಡಚುತ್ತಿದ್ದಳು. ಎರಡು ಸೀರೆ, ಎರಡು ರವಿಕೆ, ಒಂದು ಟವಲು. ಮಾಯಕೊಂಡದಿಂದ ತಮ್ಮನನ್ನು ಕಟ್ಟಿಕೊಂಡು ಈ ಊರಿಗೆ ಬರುವಾಗ ತಂದಿದ್ದ ಅದೇ ಚೀಲ.

"ಬಟ್ಟೆ ತೆಗೆದು ಒಳಗಿಡು ಅಕ್ಕಾ. ಎಲ್ಲಿಗೂ ಹೋಗೋ ಪ್ರಮೇಯ ಇಲ್ಲ."

ಅವನು ಕಡ್ಡಿಯ ವಿಷಯ ಹೇಳುತ್ತ ಹೋದಂತೆ ಅವಳು ಅದೇ ಟವಲನ್ನು ಬಿಚ್ಚಿ ಮತ್ತೆ ಮಡಚಿದಳು. ಮತ್ತೆ ಬಿಚ್ಚಿದಳು.

"ಯಾರೋ ಓಣಿಯೋರು ಹಚ್ಚಿರ್ತಾರೆ. ಬಿಡೋ."

"ಯಾರೂ ಹಚ್ಚಿಲ್ಲ. ಪಂಕ್ತಿಯಾಗೇ ಕೇಳಿ ಬಂದೀನಿ. ಹಚ್ಚಿದೋರೇ ಕೊಂದೋರು ಅಂತ ಊರ ಮುಂದೆ ಹೇಳಿ ಬಂದೀನಿ."

"ಏನಂದೆ?" ನಯನಾ ತಲೆ ಎತ್ತಿದಳು. "ಯಾರ ಮುಂದೆ ಅಂದೆ? ಮಹಾಂತಣ್ಣಾರೂ ಇದ್ರಾ?"

"ಅವನ ಮುಖದ ಮ್ಯಾಲೇ ಅಂದೆ. ಊಟದಿಂದ ಎಬ್ಬಿಸ್ದ ಅಕ್ಕಾ, ಚಿಟಿಕೆ ಹೊಡೆದು. ಈಗ ಹರಿಹರಕ್ಕೆ ಹೊಂಟೀನಿ, ಭಾಗ್ಯಲಕ್ಷ್ಮಿ ಮನೆಗೆ."

"ಹರಿಹರಕ್ಕೆ ಬ್ಯಾಡ." ಅವಳು ಬಾಗಿಲಿಗೆ ಅಡ್ಡ ಬಂದಳು. "ನನ್ನಾಣೆ ಐತೆ, ಹೋಗಬ್ಯಾಡ. ನಾಳೆ ನಾನು ಠಾಣೆಗೆ ಹೋಗ್ತೀನಿ, ಆಗಿದ್ದಾಗ್ಲಿ. ನೀನು ಇದರಾಗೆ ಕೈ ಹಾಕಬ್ಯಾಡ."

ತನಗಾಗಿ ಹೆದರುತ್ತಿದ್ದಾಳೆ ಎಂದುಕೊಂಡ ಅವನು. ಎಷ್ಟಾದರೂ ಅಮ್ಮನ ಜಾಗದಲ್ಲಿ ನಿಂತು ಬೆಳೆಸಿದವಳು. ಅವಳ ಭುಜ ಹಿಡಿದು ಮೆತ್ತಗೆ ಪಕ್ಕಕ್ಕೆ ಸರಿಸಿ ಹೊರಟ.

ಕರೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಿಂದ ಲೋಡಿಗೆಂದು ಮೂರು ಸಲ ಫೋನು ಬಂತು. ಎತ್ತಲಿಲ್ಲ. ಖಾಲಿ ಆಟೋ ಹರಿಹರದ ರಸ್ತೆಯುದ್ದಕ್ಕೂ ಡಬಡಬ ಹಾರಿತು. ಲಾರಿಗಳು ಹಿಂದಿನಿಂದ ಹಾರ್ನ್ ಹೊಡೆದವು. ಅವನು ಎಡಕ್ಕೂ ಬಿಡಲಿಲ್ಲ, ಬಲಕ್ಕೂ ಬಿಡಲಿಲ್ಲ.

* * *

ಹರಿಹರೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಕೋಣೆ. ಮೆಟ್ಟಿಲ ಅರ್ಧಕ್ಕೇ ಆ ವಾಸನೆ ಬಂದು ಅವನ ಮುಖಕ್ಕೆ ಬಡಿಯಿತು. ಕೇದಗೆ.

"ಬಾರಪ್ಪಾ. ನಯನಾನ ತಮ್ಮ ಅಲ್ವಾ? ಚಪ್ಪಲಿ ಅಲ್ಲೇ ಬಿಡು, ಇವತ್ತಷ್ಟೇ ನೆಲ ಒರೆಸೀನಿ."

ಭಾಗ್ಯಲಕ್ಷ್ಮಿ ಚಾಪೆಯ ಮೇಲೆ ಕೂತಿದ್ದಳು. ಮುಂದೆ ಎಂಟು ಫೋನು, ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ. ಅವಳ ಬೆರಳು ಒಂದರಿಂದ ಇನ್ನೊಂದಕ್ಕೆ ಓಡುತ್ತಿತ್ತು. ಒಂದರಲ್ಲಿ ಅವಳು ಬ್ಯಾಂಕಿನವನ ಹೆಂಡತಿ, ಪಕ್ಕದ್ದರಲ್ಲಿ ಕಾಲೇಜಿನ ಹುಡುಗಿ.

ದೇವರ ಗೂಡಿನ ಕೆಳಗೆ ಬಿಳೀ ಡಬ್ಬಿ. ಹೆಸರಿಲ್ಲ, ಚಿತ್ರವಿಲ್ಲ. 682.

ಉಜ್ಜನಪ್ಪ ಎರಡು ಹೆಜ್ಜೆಗೆ ಅದನ್ನು ಎತ್ತಿಕೊಂಡ.

"ಇದು ಇಲ್ಲಿಗೆ ಹೆಂಗೆ ಬಂತು?"

"ಇಡು ಅಲ್ಲಿ. ಇವತ್ತಿನ ಪ್ರಶ್ನೆ ಇನ್ನೂ ಮುಗಿದಿಲ್ಲ."

"ಏನು?"

ಭಾಗ್ಯಲಕ್ಷ್ಮಿ ಒಂದು ಫೋನನ್ನು ಅವನ ಕಡೆ ತಿರುಗಿಸಿದಳು. ಮೇಲೆ ಶಾಂತಕುಮಾರಿಯ ಹೆಸರು. ಕೆಳಗೆ ಪ್ರಶ್ನೆ: ಈ ಪರಿಮಳ ನಿಮಗೆ ಯಾರನ್ನು ನೆನಪಿಸುತ್ತದೆ?

ಮೂರು ಉತ್ತರ ಇದ್ದವು. ತಾಯಿ. ಮಕ್ಕಳು. ಯಾರೂ ಇಲ್ಲ.

"ಸತ್ತೋರ ಹೆಸರಿನಾಗೆ ದಿನಾ ಉತ್ತರ ಬರೀತಿದೀಯಾ?" ಅವನು ಫೋನನ್ನು ಪಕ್ಕಕ್ಕೆ ತಳ್ಳಿದ. "ಮನುಷ್ಯಳಾ ನೀನು?"

"ಬಾಯಿ ಬಿಗಿ ಹಿಡಿ ತಮ್ಮಾ. ಅರ್ಧಕ್ಕೆ ಬಿಟ್ರೆ ಇಡೀ ಗುಂಪನ್ನೇ ಕಿತ್ತು ಹಾಕ್ತಾರೆ. ಅರವತ್ತು ಮನೆ ಹೆಂಗಸ್ರ ಕೈಖರ್ಚು ಐತೆ ಇದರಾಗೆ, ನಿಮ್ಮಕ್ಕಂದೂ ಸೇರಿ."

"ಅದಕ್ಕೇ ಕೊಂದ್ಯಾ? ಕಂಪನಿಗೆ ಬರೀತೀನಿ ಅಂದ್ರು ಅಂತ? ಆವತ್ತು ರಾತ್ರಿ ಹೋಗಿ, ಬಾಯಿ ಮುಚ್ಚಿಸಿ, ಡ್ರಾದಿಂದ ಈ ಡಬ್ಬಿ ತೆಗೆದು ಎರಡು ಕಡ್ಡಿ ಹಚ್ಚಿ ಬಂದ್ಯಾ? ಕೇದಗೆ ಅವರಿಗೆ ಆಗಲ್ಲ ಅಂತ ನಿನಗೆ ಗೊತ್ತಿರಲಿಲ್ಲ. ಅಲ್ಲೇ ಸಿಕ್ಕಿಬಿದ್ದೆ ನೀನು! ಏಳು. ನಡಿ ಅಂಗಳಕ್ಕೆ."

ಭಾಗ್ಯಲಕ್ಷ್ಮಿ ಏಳಲಿಲ್ಲ. ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಎಂಟನೆಯ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅದೊಂದು ಮಾತ್ರ ಅವಳ ಸ್ವಂತದ್ದು.

"ಆವತ್ತು ರಾತ್ರಿ ನಾನು ನನ್ನ ಮಗಳ ಹೆರಿಗೆಗೆ ಆಸ್ಪತ್ರೆಯಾಗೆ ಇದ್ದೆ. ನರ್ಸಿಂದ ಹಿಡಿದು ಕಸ ಗುಡಿಸೋರವರೆಗೂ ಕೇಳು, ಹೇಳ್ತಾರೆ. ಆ ಡಬ್ಬಿ ಮರುದಿನ ಸಂಜೆ ನನ್ನ ಕೈಗೆ ಬಂತು. ನಾನಾಗಿ ತಗೊಂಡಿದ್ದಲ್ಲ. ತಂದು ಕೊಟ್ಟಿದ್ದು."

"ಯಾರು?"

"ಕೇಳಿಸ್ಕೊಂತೀಯಾ? ಕೇಳಿಸ್ಕೊಂಡ ಮ್ಯಾಲೆ ಕೇಳಿಸ್ಕೊಂಡಿಲ್ಲ ಅನ್ನಾಕೆ ಬರಲ್ಲ ತಮ್ಮಾ. ಯೋಚ್ನೆ ಮಾಡು."

"ಹಾಕು."

ಅವಳು ಬೆರಳೊತ್ತಿದಳು. ವಾಯ್ಸ್ ಮೆಸೇಜು. ಹೆಣ ಸಿಕ್ಕಿದ್ದು ಬೆಳಿಗ್ಗೆ. ಮೆಸೇಜು ಬಂದಿದ್ದು ಅದರ ಹಿಂದಿನ ರಾತ್ರಿ. ಮೊದಲು ಬರೀ ಉಸಿರು. ಆಮೇಲೆ ಅವನಿಗೆ ನಡೆಯಲು ಕಲಿಸಿದ, ಬಯ್ದ, ಉಣ್ಣಿಸಿದ ದನಿ.

"ಭಾಗ್ಯಕ್ಕಾ... ಶಾಂತಕ್ಕ ಹೋಗಿಬಿಟ್ರು. ಯಾರಿಗೂ ಹೇಳಂಗಿಲ್ಲ ನಾನು. ಹಂಗೇ ಕತ್ತಲಾಗೆ ಬಿಟ್ಟು ಬರಾಕೆ ಮನಸ್ಸಾಗಲಿಲ್ಲ, ಎರಡು ಕಡ್ಡಿ ಹಚ್ಚೀನಿ. ದೇವರ ಕೋಣೆಗೆ ಹೋಗಾಕೆ ಬಿಡಲಿಲ್ಲ, ಕೈಗೆ ಸಿಕ್ಕಿದ್ದೇ ಹಚ್ಚಿದೆ... ತಪ್ಪಾತು. ಡಬ್ಬಿ ನಿಮ್ಮ ಮನೆಗೆ ತರ್ತೀನಿ, ಯಾರಿಗೂ ತೋರಿಸ್ಬ್ಯಾಡ್ರಿ..."

ಅಲ್ಲಿಗೆ ಕಡಿಯಿತು.

ಹಚ್ಚಿದ ಕೈಯೇ ಕೊಂದ ಕೈ. ಎರಡು ಪಂಕ್ತಿ ಜನರ ಮುಂದೆ, ಎದೆ ಸೆಟೆಸಿ, ಅವನೇ ಹೇಳಿ ಬಂದಿದ್ದ ಮಾತು. ಅಕ್ಕನನ್ನು ಬಿಡಿಸಲು ಅವನು ಕಟ್ಟಿದ ಹಗ್ಗ ಈಗ ಅವಳ ಕೊರಳಿಗೇ ಅಳತೆ ಮಾಡಿದಂತೆ ಕೂತಿತ್ತು.

ಅವನ ಕೈಯ ಡಬ್ಬಿ ನಜ್ಜಿಹೋಗಿತ್ತು. "ಇನ್ನೊಂದು ಸಲ ಹಾಕು" ಎಂದ.

"ಸಂಕಟ ಯಾಕೆ ಹೆಚ್ಚು ಮಾಡ್ಕೊಂತೀಯಪ್ಪಾ?"

"ಹಾಕು ಅಂದೆ."

ಈ ಸಲ ಅವನು ಅಕ್ಕನ ದನಿ ಕೇಳಲಿಲ್ಲ. ಅದರ ಹಿಂದಿನದನ್ನು ಕೇಳಿದ. ಮಂಡಿಯೂರಿ ಕೂತು, ಫೋನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದ. 'ದೇವರ ಕೋಣೆಗೆ ಹೋಗಾಕೆ ಬಿಡಲಿಲ್ಲ.' ಬಿಡಲಿಲ್ಲ ಎಂದರೆ ಬಿಡದವರೊಬ್ಬರು ಅಲ್ಲಿದ್ದರು. ಆಮೇಲೆ ಬಾಗಿಲು ಕಿರುಗುಟ್ಟಿದ ಸದ್ದು. 'ಯಾರಿಗೂ ತೋರಿಸ್ಬ್ಯಾಡ್ರಿ' ಎನ್ನುವಾಗ ನಯನಾಳ ದನಿ ಗಕ್ಕನೆ ಇಳಿಯಿತು. ಮೆಸೇಜು ಕಡಿಯುವ ಮುನ್ನ, ದೂರದಿಂದ, ಹೊಸಿಲ ಆಚೆಯಿಂದ ಎಂಬಂತೆ:

ಚಟ್, ಚಟ್.

ಎರಡು ಚಿಟಿಕೆ.

ಆ ರಾತ್ರಿ ಚಿತ್ರದುರ್ಗದಲ್ಲಿ ಮದುವೆಗೆ ಹೋಗಿದ್ದೆ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದ ಮನುಷ್ಯನ ಚಿಟಿಕೆ. ಇವತ್ತು ಮಧ್ಯಾಹ್ನ ತನ್ನನ್ನು ಎಲೆಯಿಂದ ಎಬ್ಬಿಸಿದ ಚಿಟಿಕೆ.

ಉಜ್ಜನಪ್ಪ ಕಣ್ಣು ಬಿಟ್ಟ. ಭಾಗ್ಯಲಕ್ಷ್ಮಿ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಕೇಳಿಸಿದ್ದು ಬರೀ ನಯನಾಳ ಮಾತು ಎಂಬುದು ಅವಳ ಮುಖದಲ್ಲೇ ಇತ್ತು. ಮಹಾಂತೇಶ ಅಲ್ಲಿದ್ದ. ಅಕ್ಕನೂ ಅಲ್ಲಿದ್ದಳು. ಆ ಹೊತ್ತಿನಿಂದ ಇವತ್ತಿನವರೆಗೆ ಅವನ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಿಲ್ಲ. ಹೆದರಿಯೋ? ಇಲ್ಲಾ, ಹೆದರಿಕೆಗಿಂತ ಬೇರೆ ಯಾವುದಕ್ಕೋ? 'ಮಹಾಂತಣ್ಣಾರೂ ಇದ್ರಾ' ಎಂದು ಅವಳು ಅವನೊಬ್ಬನ ಬಗ್ಗೆಯೇ ಕೇಳಿದ್ದು ಯಾತಕ್ಕೆ?

ಅವನು ಎದ್ದು ನಿಂತ. ನಜ್ಜಿದ ಡಬ್ಬಿಯನ್ನು ಅಂಗಿಯ ಒಳಗೆ ಸೇರಿಸಿದ. ಅವಳು ತಡೆಯಲಿಲ್ಲ.

"ನಾನಾಗಿ ಠಾಣೆಗೆ ಹೋದ್ರೆ ಈ ಎಂಟು ಫೋನೂ ಎತ್ಕೊಂಡು ಹೋಗ್ತಾರೆ, ಅದಕ್ಕೇ ಸುಮ್ನೆ ಇದ್ದೆ" ಎಂದಳು ಭಾಗ್ಯಲಕ್ಷ್ಮಿ. "ಆದ್ರೆ ಈಗ ನೀನು ನನ್ನ ಮ್ಯಾಲೇ ಕೊಲೆ ಹಾಕಾಕೆ ಬಂದೀಯ. ಇನ್ನು ನಾನು ಬಾಯಿ ಮುಚ್ಕೊಂಡು ಕೂಡಾಕೆ ಆಗಲ್ಲ. ನಾಳೆ ಬೆಳಿಗ್ಗೆ ನಿಮ್ಮಕ್ಕ ಠಾಣೆ ಮೆಟ್ಲು ಹತ್ತೋ ಮೊದಲು ಈ ಮೆಸೇಜು ಅಲ್ಲಿರುತ್ತೆ."

ಅವನು ಮೆಟ್ಟಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿದ.

"ಏಯ್, ನಿನಗೇ ಹೇಳಿದ್ದು! ನಡಿ ಅಂಗಳಕ್ಕೆ ಅಂದ್ಯಲ್ಲ, ಈಗ ಯಾರ ಕೈ ಹಿಡ್ಕೊಂಡು ಹೋಗ್ತೀಯ? ನಿಮ್ಮಕ್ಕಂದಾ?"

ಕೆಳಗೆ ದೇವಸ್ಥಾನದ ಗಂಟೆ ಮೊಳಗಿತು. ಮಹಡಿಯ ಮೇಲೆ, ಎಂಟರಲ್ಲಿ ಯಾವುದೋ ಒಂದು ಫೋನು ಉತ್ತರಕ್ಕೆ ಕಾದು ಕಾದು ಟಿಂಗೆಂದಿತು.

ಉಜ್ಜನಪ್ಪ ತಿರುಗಿ ನೋಡಲಿಲ್ಲ. ಆ ರಾತ್ರಿಯ ಮಾತನ್ನು ಮೊದಲು ಅಕ್ಕನ ಬಾಯಿಂದಲೇ ಕೇಳಬೇಕೆಂದುಕೊಂಡು ಮೆಟ್ಟಿಲಿಳಿದು, ದಾವಣಗೆರೆಯ ಕಡೆ ಮುಖ ಮಾಡಿ ನಿಂತಿದ್ದ ಆಟೋದ ಕಡೆ ನಡೆದ.